ಒಂಬತ್ತು ಸಾಲುಗಳ ಸುಳ್ಳು

ಮೊನ್ನೆ ಸಕ್ಕರೆ ಪರೀಕ್ಷೆಗೆಂದು ಹೋದಾಗ ಸಿಸ್ಟರ್ ನನ್ನ ಉಂಗುರದ ಬೆರಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಸೂಜಿ ಚುಚ್ಚುವುದಕ್ಕೆ ಮೊದಲೇ ಆ ವಾಸನೆ ಮೂಗಿಗೆ ಹತ್ತಿತು. ಎಲ್ಲರಿಗೂ ಅದು ಆಸ್ಪತ್ರೆಯ ವಾಸನೆ. ನನಗೆ ಮಾತ್ರ ಕಿಟಕಿಗೆ ಕಪ್ಪು ಬಟ್ಟೆ ಬಿಗಿದ ಒಂದು ಕೋಣೆ, ಮೀನು ಸಾಕುವ ಗಾಜಿನ ತೊಟ್ಟಿ, ಅದರ ಮುಂದೆ ಸ್ಟೂಲಿನ ಮೇಲೆ ಬಗ್ಗಿ ಕೂತ ಫಿಜಿಕ್ಸ್ ಸರ್... “ಅಮ್ಮಾ, ಆತು, ಹತ್ತಿ ಒತ್ತಿ ಹಿಡ್ಕಳ್ರಿ” ಎಂದು ಸಿಸ್ಟರ್ ಎರಡು ಸಲ ಹೇಳಿದ ಮೇಲೆ ಎಚ್ಚರವಾಯಿತು.

ನಾನು ಹೊನ್ನಾಳಿಯ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್. ಬೆಳಿಗ್ಗೆ ನ್ಯಾಮತಿಯಿಂದ ಬಸ್ಸು, ಸಂಜೆ ಮತ್ತೆ ನ್ಯಾಮತಿಗೆ ಬಸ್ಸು. ನಡುವೆ ಗಾಜಿನ ಸಾಮಾನು ತೊಳೆಯುವುದು, ಹುಡುಗರು ಗಂಟು ಹಾಕಿಟ್ಟ ವೈರುಗಳನ್ನು ಬಿಡಿಸುವುದು, ರಿಜಿಸ್ಟರು ಬರೆಯುವುದು. ರಿಜಿಸ್ಟರಿನ ವಿಚಾರದಲ್ಲಿ ನಮ್ಮಂಥವರಲ್ಲಿ ಒಂದು ರೂಢಿಯಿದೆ: ಕಾಲಂ ಖಾಲಿ ಬಿಡುವಂತಿಲ್ಲ. ನೀರಿನ ಟ್ಯಾಂಕು ತೊಳೆದ ದಿನಾಂಕ, ಕೋಣೆ ಗುಡಿಸಿದ ಹೊತ್ತು, ಬೆಂಕಿ ಆರಿಸುವ ಸಿಲಿಂಡರು ನೋಡಿದ್ದು... ತಪಾಸಣೆಯವರು ಬರುತ್ತಾರೆಂದರೆ ತಿಂಗಳಿಡೀ ಬಿಟ್ಟಿದ್ದನ್ನು ಒಂದೇ ಸಲ ಕೂತು ತುಂಬುವುದು. ಒಂದೇ ಪೆನ್ನಿನಲ್ಲಿ ಬರೆದರೆ ಗೊತ್ತಾದೀತೆಂದು ಎರಡು ಪೆನ್ನು ಇಟ್ಟುಕೊಳ್ಳುವುದು. ನನಗಿಂತ ಮುಂಚೆ ಇದ್ದ ಅಟೆಂಡರಮ್ಮ ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಇದನ್ನು ಕಲಿಸಿಕೊಟ್ಟಿದ್ದರು. ಅದು ಸುಳ್ಳೆಂದು ಅವರಿಗೂ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ. ತುಂಬಿದ ರಿಜಿಸ್ಟರು ಎಂದರೆ ಗುಡಿಸಿದ ಅಂಗಳ ಇದ್ದ ಹಾಗೆ, ಅಷ್ಟೇ.

ಫಿಜಿಕ್ಸ್ ಸರ್ ಜಗಳೂರು ಕಡೆಯವರು. ನಮ್ಮಲ್ಲಿಗೆ ಬಂದಾಗ ಅವರಿಗೆ ನಿವೃತ್ತಿಗೆ ನಾಲ್ಕೈದು ವರ್ಷ ಉಳಿದಿತ್ತು. ಮದುವೆಯಾಗಿರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದಿದ್ದರು. ಊರಿನಲ್ಲಿ ಒಬ್ಬ ಅಕ್ಕ ಇದ್ದರು. ಹಬ್ಬಕ್ಕೆ ಹೋಗಿ ಬರುವಾಗ ಅವರು ಹುರಿದು ಕೊಟ್ಟ ಶೇಂಗಾ ತಂದು ಲ್ಯಾಬಿನ ಮೇಜಿನ ಮೇಲೆ ಸುರಿಯುತ್ತಿದ್ದರು. ಶರಟಿನ ಜೇಬಿನ ತುಂಬ ಸೀಮೆಸುಣ್ಣದ ತುಂಡುಗಳು. ಬಟ್ಟೆ ಒಗೆಯುವಾಗ ಅವನ್ನು ತೆಗೆಯುತ್ತಿದ್ದರೋ ಇಲ್ಲವೋ, ಜೇಬು ಯಾವಾಗಲೂ ಬಿಳಿಚಿಕೊಂಡೇ ಇರುತ್ತಿತ್ತು.

ಒಂದು ದಿನ ಆ ಮೀನಿನ ತೊಟ್ಟಿಯನ್ನು ಆಟೋದಲ್ಲಿ ತಂದು ಇಳಿಸಿದರು. ಮೀನು ಸಾಕುತ್ತಾರೇನೋ, ನೀರು ಬದಲಿಸುವ ಕೆಲಸವೂ ನನ್ನ ತಲೆಗೇ ಬಂತು ಎಂದುಕೊಂಡೆ. ಅವರು ಅದನ್ನು ಬೋರಲು ಹಾಕಿದರು. ಒಳಗೆ ಮೇಲ್ಭಾಗಕ್ಕೆ ಹಳೇ ಕಂಬಳಿಯ ತುಂಡು ಅಂಟಿಸಿ ಅದಕ್ಕೆ ಸ್ಪಿರಿಟ್ ಕುಡಿಸಿದರು. ಕೆಳಗೆ ಕಪ್ಪು ಬಣ್ಣ ಬಳಿದ ಅಲ್ಯೂಮಿನಿಯಂ ತಟ್ಟೆ. ಆ ತಟ್ಟೆಯನ್ನು ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗೆ ಮಾಡಬೇಕು, ಆಗ ಸ್ಪಿರಿಟ್ಟಿನ ಆವಿ ಅದರ ಮೇಲೆ ಮಂಜಿನಂತೆ ನಿಲ್ಲುತ್ತದೆ, ಆ ಮಂಜಿನಲ್ಲಿ ಆಕಾಶದಿಂದ ಬರುವ ಕಣಗಳು ಓಡಿದ ಗೆರೆ ಕಾಣುತ್ತದೆ ಎಂದು ಹೇಳಿದರು.

ಅಷ್ಟು ಚಳಿ ಹೊನ್ನಾಳಿಯಲ್ಲಿ ಎಲ್ಲಿ ಸಿಗಬೇಕು? ಸಿಕ್ಕಿದ್ದು ದನಗಳ ಕಡೆಯಿಂದ. ಬಸವಾಪಟ್ಟಣದ ಕಡೆಯವನೊಬ್ಬ ಬೈಕಿನಲ್ಲಿ ಹಳ್ಳಿ ಸುತ್ತಿ ಹಸು ಎಮ್ಮೆಗಳಿಗೆ ಗರ್ಭ ಕಟ್ಟಿಸುತ್ತಿದ್ದ. ಡಾಕ್ಟರಲ್ಲ, ಆದರೂ ಎಲ್ಲರ ಬಾಯಲ್ಲಿ ದನಿನ ಡಾಕ್ಟ್ರು. ಅವನ ಬೈಕಿಗೆ ಕಟ್ಟಿದ ಕ್ಯಾನಿನಲ್ಲಿ ಹೋರಿಯ ವೀರ್ಯ ಕೆಡದಂತೆ ದ್ರವ ಸಾರಜನಕ ಇರುತ್ತಿತ್ತು. ಕ್ಯಾನು ಮತ್ತೆ ತುಂಬಿಸುವ ಮುಂಚೆ ತಳದಲ್ಲಿ ಉಳಿದದ್ದು ಹೇಗೂ ಆವಿಯಾಗಿ ಹೋಗುವಂಥದ್ದು. ಸೋಮವಾರ, ಬುಧವಾರ, ಶುಕ್ರವಾರ ಅದನ್ನು ಸರ್ ಅವರ ಸ್ಟೀಲ್ ಫ್ಲಾಸ್ಕಿಗೆ ಬಗ್ಗಿಸಿ ಹೋಗುತ್ತಿದ್ದ. ಬಿಟ್ಟಿ ಕೊಟ್ಟನೆಂದು ಸುಮ್ಮನೆ ಹೋಗುವವನಲ್ಲ.

“ಸರ್, ಎಮ್ಮೆ ಗಬ್ಬ ಕಟ್ಸೋ ಸಾಮಾನು ಇಸ್ಕಂಡು ಆಕಾಶ ನೋಡ್ತೀರಲ್ರೀ! ಕರು ಹುಟ್ಟಿದ್ರೆ ನಂಗೊಂದು ಫೋನ್ ಮಾಡ್ರಿ ಮತ್ತೆ.”

“ಹುಟ್ತಾವೆ ಬಿಡಪ್ಪ. ಆದ್ರೆ ಹಾಲು ಹಿಂಡಾಕೆ ಆಗಂಗಿಲ್ಲ” ಎನ್ನುತ್ತಿದ್ದರು ಸರ್.

ಊಟದ ಬಿಡುವು ಶುರುವಾಗುತ್ತಲೇ ಅದನ್ನು ತಟ್ಟೆಯ ಕೆಳಗೆ ಸುರಿದು, ಬಾಗಿಲು ಹಾಕಿ, ಪಕ್ಕದಿಂದ ಟಾರ್ಚು ಬಿಟ್ಟು ಕೂರುತ್ತಿದ್ದೆವು. ಮೊದಲು ಏನೂ ಇಲ್ಲ. ಆಮೇಲೆ ತುಂತುರಿನಂಥ ಮಂಜು. ಅದರೊಳಗೆ ಇದ್ದಕ್ಕಿದ್ದಂತೆ ಬಿಳಿ ನೂಲಿನ ಎಳೆ, ಯಾರೋ ಸೂಜಿಯಲ್ಲಿ ಎಳೆದ ಹಾಗೆ. ನೋಡುವಷ್ಟರಲ್ಲಿ ಕರಗಿ ಹೋಗುತ್ತಿತ್ತು. ದಪ್ಪಗೆ ಮೋಟಾಗಿರುವುದು ಬೇರೆ, ಸೊಟ್ಟಪಟ್ಟ ಓಡುವುದು ಬೇರೆ. ತೆಳ್ಳಗೆ, ನೆಟ್ಟಗೆ, ಉದ್ದಕ್ಕೆ ಹೋದದ್ದು ಮ್ಯೂಆನ್, ಸರ್‌ಗೆ ಬೇಕಾಗಿದ್ದ ಆಕಾಶದ ಕಣ. ತಟ್ಟೆಯ ಮೇಲೆ ಗುರುತು ಮಾಡಿದ ಚೌಕದಲ್ಲಿ ಹತ್ತು ನಿಮಿಷಕ್ಕೆ ಅಂಥವು ಎಷ್ಟು ಎಂದು ಎಣಿಸಬೇಕು. ಕತ್ತಲಲ್ಲಿ ಬರೆಯಲು ಆಗದು, ಬಾಯಲ್ಲಿ ಎಣಿಸಿದರೆ ತಪ್ಪುತ್ತದೆ. ಅದಕ್ಕೆ ನಾನೇ ಒಂದು ದಾರಿ ಮಾಡಿಕೊಂಡೆ. ಮನೆಯಿಂದ ಹುಣಸೆ ಬೀಜ ತಂದು ಎಡಗಡೆ ಬಟ್ಟಲಲ್ಲಿ ಇಟ್ಟುಕೊಂಡು, ಒಂದು ಎಳೆ ಕಂಡರೆ ಒಂದು ಬೀಜ ಬಲಗಡೆ ಬಟ್ಟಲಿಗೆ. ಕೊನೆಗೆ ದೀಪ ಹಾಕಿ ಬಲಗಡೆಯ ಬೀಜ ಎಣಿಸಿ, ಗೋಡೆಯ ವಾಯುಭಾರ ಮಾಪಕ ನೋಡಿ, ಎರಡನ್ನೂ ನೋಟ್‌ಬುಕ್ಕಿಗೆ. ಸರ್‌ಗೆ ಇದು ಬಹಳ ಹಿಡಿಸಿತು. ನನಗೂ ಇಡೀ ದಿನದಲ್ಲಿ ಕೂರಲು ಸಿಗುತ್ತಿದ್ದುದು ಅದೇ ಹತ್ತು ನಿಮಿಷ. ಬೆನ್ನು ಗೋಡೆಗೆ ಒರಗಿದರೆ ಸಾಕು ಎನ್ನುವಂಥ ದಿನಗಳು ಅವು. ಅತ್ತೆ ಹಾಸಿಗೆ ಹಿಡಿದಿದ್ದರು.

ಇದೆಲ್ಲ ಯಾಕೆ ಸರ್ ಎಂದು ಒಮ್ಮೆ ಕೇಳಿದ್ದೆ. ಅವರು ಮೇಜಿನ ಮೇಲೆ ಎರಡು ಹಿಡಿ ಶೇಂಗಾ ಕಾಯಿ ಇಟ್ಟರು.

“ಈ ಜಗತ್ತು ಯಾವುದ್ಯಾವುದ್ರಿಂದ ಆಗೈತೆ ಅನ್ನೋ ಪಟ್ಟಿ ಇನ್ನೂ ಪೂರ್ತಿ ಆಗಿಲ್ರಮ್ಮ. ಇರೋ ಕಣಗಳನ್ನ ಜೋರಾಗಿ ಡಿಕ್ಕಿ ಹೊಡೆಸಿ ಹೊಸಾವು ಹುಡುಕ್ತಾರೆ. ಈಗ ಹೊಡೆಸೋದು ಪ್ರೋಟಾನು. ಅದೊಂಥರ ಶೇಂಗಾ ಚೀಲ. ಚೀಲಕ್ಕೆ ಚೀಲ ಹೊಡೆದ್ರೆ ಯಾವ ಕಾಳಿಗೆ ಯಾವ ಕಾಳು ತಾಗ್ತು ಹೆಂಗೆ ಹೇಳ್ತೀರಿ? ಮ್ಯೂಆನು ಹಂಗಲ್ಲ, ಒಂಟಿ ಕಾಳು. ಎಲೆಕ್ಟ್ರಾನೂ ಒಂಟೀನೇ, ಆದ್ರೆ ಜೊಳ್ಳು, ಸುತ್ತು ಓಡಿಸಿದ್ರೆ ಶಕ್ತಿ ಎಲ್ಲಾ ಸೋರಿ ಹೋಗ್ತೈತೆ. ಇದು ಅದಕ್ಕಿಂತ ಇನ್ನೂರು ಪಟ್ಟು ತೂಕ.”

“ಹಂಗಾರೆ ಇದನ್ನೇ ಹೊಡೆಸ್ಬೋದಲ್ರೀ?”

“ಸತ್ತು ಹೋಗ್ತೈತಲ್ಲಮ್ಮ! ಒಂದು ಸೆಕೆಂಡನ್ನ ಹತ್ತು ಲಕ್ಷ ಚೂರು ಮಾಡಿದ್ರೆ ಅದ್ರಾಗೆ ಎರಡು ಚೂರು ಅದರ ಆಯುಸ್ಸು. ಅಷ್ಟ್ರೊಳಗೆ ಹುಟ್ಟಿಸ್ಬೇಕು, ಗುಂಪು ಕಟ್ಬೇಕು, ಓಡಿಸ್ಬೇಕು, ಡಿಕ್ಕಿ ಹೊಡೆಸ್ಬೇಕು. ಒಂದೇ ಅನುಕೂಲ. ಜೋರಾಗಿ ಓಡ್ತಿದ್ರೆ ನಮ್ಮ ಲೆಕ್ಕದಾಗೆ ಜಾಸ್ತಿ ಹೊತ್ತು ಬದುಕ್ತೈತೆ. ನಿಂತ್ರೆ ಸತ್ತಂಗೆ.”

“ನನ್ನಂಗೇ ಬಿಡ್ರಿ” ಎಂದೆ. ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಮ್ಯೂಆನುಗಳನ್ನು ಹಾಗೆ ಡಿಕ್ಕಿ ಹೊಡೆಸುವ ಯಂತ್ರ ಇನ್ನೂ ಎಲ್ಲೂ ಇಲ್ಲ, ಕಟ್ಟಬೇಕೆನ್ನುವವರು ದೇಶ ದೇಶಗಳಲ್ಲಿ ಕೂತು ಲೆಕ್ಕ ಹಾಕುತ್ತಿದ್ದಾರೆ, ಕಟ್ಟಿ ಮುಗಿಯುವ ಹೊತ್ತಿಗೆ ತಾವಿರುವುದಿಲ್ಲ ಎಂದೂ ಅವರೇ ಹೇಳಿದ್ದರು. ಕಟ್ಟಿದರೂ ಹೊಸದೇನೂ ಸಿಗದೇ ಹೋಗಬಹುದಂತೆ. ಆಗ? “ಇಲ್ಲಿ ಇಲ್ಲ ಅಂತ ಬರೀತಾರೆ. ಮುಂದಿನೋರು ಬೇರೆ ಕಡೆ ಹುಡುಕ್ತಾರೆ. ಅದೂ ಕೆಲಸನೇ” ಎಂದಿದ್ದರು. ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ತಲೆಗೆ ಇಳಿದಿರಲಿಲ್ಲ.

ನೋಟ್‌ಬುಕ್ಕಿಗೆ ವರ್ಷ ತುಂಬುತ್ತಾ ಬಂದಿದ್ದಾಗ ಸರ್‌ಗೆ ಒಂದು ಪತ್ರ ಬಂತು. ಆ ಯಂತ್ರದ ಲೆಕ್ಕ ಹಾಕುವ ವಿಜ್ಞಾನಿಗಳು ನಮ್ಮ ದೇಶದಲ್ಲೇ ಒಂದು ಕಡೆ ಸೇರುವವರಿದ್ದರು. ಅಲ್ಲಿ ಒಂದಿಬ್ಬರು ಮೇಷ್ಟ್ರುಗಳಿಗೂ ತಾವು ಮಾಡಿದ್ದನ್ನು ಹೇಳಲು ಅವಕಾಶ. ಸರ್ ತಮ್ಮ ನೋಟ್‌ಬುಕ್ಕಿನ ಬಗ್ಗೆ ಬರೆದಿದ್ದರು, ಅವರು ಬನ್ನಿ ಎಂದಿದ್ದರು. ಗಾಳಿಯ ಒತ್ತಡ ಏರಿದಾಗ ಇಲ್ಲಿಗೆ ತಲುಪುವ ಮ್ಯೂಆನುಗಳು ಕಡಿಮೆಯಾಗುತ್ತವೆ. ಅದನ್ನು ಹುಣಸೆ ಬೀಜದಲ್ಲಿ ಎಣಿಸಿ ತೋರಿಸಬಹುದು ಎನ್ನುವುದು ಅವರು ಹೇಳಬೇಕಿದ್ದ ವಿಷಯ. ಮೂವತ್ತೈದು ವರ್ಷದ ಕೆಲಸದಲ್ಲಿ ಅಂಥ ಕಡೆಯಿಂದ ಬಂದ ಕರೆ ಅದೊಂದೇ. ಹೊಸ ಶರಟು ಹೊಲಿಸಿದರು. “ಅವ್ರು ಅಷ್ಟು ಒದ್ದಾಡಿ ಹುಟ್ಟಿಸ್ಬೇಕಾಗಿರೋದು ನಮ್ಮ ಹೊನ್ನಾಳಿಗೆ ಪುಕ್ಕಟೆ ಬಂದು ಬೀಳ್ತೈತೆ ಅಂತ ಮೊದಲ್ನೇ ಮಾತು ಹೇಳ್ತೀನಿ” ಎಂದು ಎಲ್ಲರೆದುರು ಹೇಳಿಕೊಂಡು ಓಡಾಡಿದರು.

ಹೊರಡಲು ಎರಡು ದಿನ ಇದ್ದಾಗ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಡುತ್ತಾ ಕೂತಿದ್ದವರು ನನ್ನನ್ನು ಕರೆದರು. ದನಿ ಎಂದಿನಂತೆಯೇ ಇತ್ತು.

“ಏನ್ರಮ್ಮ, ಉಳಿದ ಚುಕ್ಕಿ ಎಲ್ಲಾ ಸಂತೇಗೆ ಬಂದ ಕುರಿ ಇದ್ದಂಗೆ ಚೆದುರಿ ನಿಂತಾವೆ. ಈ ಒಂಬತ್ತು ಮಾತ್ರ ಪ್ರೇಯರ್‌ಗೆ ನಿಂತ ಹುಡುಗ್ರ ಥರ ಸಾಲಾಗಿ ಅದಾವಲ್ಲ, ಯಾಕೆ?”

ನಾನು ದಿನಾಂಕ ನೋಡಿದೆ. ದನಗಳಿಗೆ ಚರ್ಮಗಂಟು ರೋಗ ಬಂದು ದನಿನ ಡಾಕ್ಟ್ರು ಲಸಿಕೆ ಹಾಕುವವರ ಜೊತೆ ಊರೂರು ತಿರುಗುತ್ತಿದ್ದ ಮೂರು ವಾರ. ಅದೇ ಹೊತ್ತಿಗೆ ಸರ್ ಕೂಡ ಅಕ್ಕನಿಗೆ ಹುಷಾರಿಲ್ಲವೆಂದು ಜಗಳೂರಿನಲ್ಲಿದ್ದರು. ಫ್ಲಾಸ್ಕು ಒಣಗಿತ್ತು. ನಾನು ತೊಟ್ಟಿಯನ್ನು ಮುಟ್ಟಿಯೇ ಇರಲಿಲ್ಲ. ಆದರೆ ಕಾಲಂ ಖಾಲಿ ಕಾಣುತ್ತಿತ್ತು. ಸರ್ ಬರುವ ಹಿಂದಿನ ದಿನ, ಹಿಂದಿನ ಪುಟಗಳನ್ನು ನೋಡಿ, ಒಂದು ಹೆಚ್ಚು ಒಂದು ಕಡಿಮೆ ಮಾಡಿ, ಎರಡು ಪೆನ್ನಿನಲ್ಲಿ ಒಂಬತ್ತು ಸಾಲು ತುಂಬಿದ್ದೆ. ಚೊಕ್ಕವಾಗಿ.

ಮುಚ್ಚಿಡಲಿಲ್ಲ. ಹೇಳಿದೆ. ಅವರು ಬಯ್ಯುತ್ತಾರೆಂದು ಕಾದೆ. ಪೆನ್ಸಿಲ್ ತೆಗೆದು ಆ ಒಂಬತ್ತು ಚುಕ್ಕಿಗಳ ಸುತ್ತ ಒಂದು ಗೆರೆ ಎಳೆದರು, ಅಷ್ಟೇ.

“ಆ ಒಂಬತ್ತು ಹೊಡೆದು ಹಾಕ್ರಿ ಸರ್. ಉಳಿದಿದ್ದು ನನ್ನ ಮಕ್ಕಳಾಣೆಗೂ ನಿಜ.”

“ನಾನು ನಿಮ್ಮನ್ನ ನಂಬ್ತೀನಿ ಕಣಮ್ಮ. ಆದ್ರೆ ಅಲ್ಲಿ ಕೂತೋರು ನಿಮ್ಮನ್ನ ಕಂಡಿಲ್ಲ. ಅವ್ರು ನಂಬಬೇಕಾಗಿರೋದು ಪುಸ್ತಕನ. ಒಂಬತ್ತು ಸಿಕ್ವು, ಸಿಗದೇ ಇರೋವು ಎಷ್ಟು ಅಂತ ಕೇಳಿದ್ರೆ ನಾನೇನು ಹೇಳಲಿ?”

ಅವತ್ತೇ ಪತ್ರ ಬರೆದರು. “ನನ್ನ ದಾಖಲೆಯಲ್ಲಿ ದೋಷವಿದೆ, ಆದ್ದರಿಂದ ಬರಲಾಗುವುದಿಲ್ಲ” ಎಂದು. “ನನ್ನ ದಾಖಲೆ” ಎಂದೇ ಬರೆದಿದ್ದರು. ಅಟೆಂಡರ್ ಎಂಬ ಪದ ಎಲ್ಲೂ ಇರಲಿಲ್ಲ. ಪೋಸ್ಟಿಗೆ ಹಾಕಿ ಬಂದವಳು ನಾನೇ. ಡಬ್ಬಿಯ ಮುಂದೆ ನಿಂತು ಹರಿದು ಹಾಕಿಬಿಡಲೇ ಎನಿಸಿತ್ತು... ಹಾಕಿದೆ. ಕಾಲೇಜಿನಲ್ಲಿ ಯಾಕೆ ಹೋಗಲಿಲ್ಲ ಎಂದು ಕೇಳಿದವರಿಗೆಲ್ಲ ಸರ್ “ಸೊಂಟ ಹಿಡ್ಕಂಡೈತ್ರಿ” ಎಂದರು. ಹೊಸ ಶರಟನ್ನು ಮುಂದಿನ ಸೋಮವಾರ ಪಾಠಕ್ಕೇ ಹಾಕಿಕೊಂಡು ಬಂದರು. ಊಟದ ಹೊತ್ತಿಗೆ ಅದರ ಜೇಬೂ ಬಿಳಿಯಾಗಿತ್ತು.

ಅದೇ ಸೋಮವಾರ ಹೊಸ ನೋಟ್‌ಬುಕ್ಕು ತೆಗೆದು ಗೆರೆ ಹಾಕಿ ನನ್ನ ಕೈಗೆ ಕೊಟ್ಟರು. ಬೇರೆ ಯಾರ ಕೈಗಾದರೂ ಕೊಡಬಹುದಿತ್ತು. “ನೋಡದೇ ಇದ್ದ ದಿನ ನೋಡಿಲ್ಲ ಅಂತ ಬರೀರಿ. ಅಷ್ಟೇ” ಎಂದರು. ಬುಧವಾರವೇ ದನಿನ ಡಾಕ್ಟ್ರ ಬೈಕು ಕೆಟ್ಟು ನಿಂತಿತು. ಎರಡನೆಯ ಸಾಲಿನಲ್ಲೇ ಬರೆಯಬೇಕಾಯಿತು: ನೋಡಿಲ್ಲ. ಬರೆದು ಪುಸ್ತಕವನ್ನು ಅವರ ಕಡೆ ತಿರುಗಿಸಿದೆ. ಸರ್ ಬಗ್ಗಿ ನೋಡಿ, ಪಕ್ಕದಲ್ಲಿ ಸಣ್ಣದಾಗಿ ಸರಿ ಗುರುತು ಹಾಕಿದರು.

ವರ್ಷ ತುಂಬುವ ಮೊದಲೇ ಅವರಿಗೆ ನಿವೃತ್ತಿಯಾಯಿತು. ಹಾರ, ಶಾಲು, ಉಪ್ಪಿಟ್ಟು ಕೇಸರಿಬಾತು. ಹೊರಡುವಾಗ ತೊಟ್ಟಿ ನಿಮ್ಮ ಹತ್ರನೇ ಇರಲಿ ಎಂದರು. ನಾನು ಒಬ್ಬಳೇ ಎಣಿಸಿ ಪ್ರತಿ ಶುಕ್ರವಾರ ಜಗಳೂರಿಗೆ ಫೋನು ಮಾಡಿ ಹೇಳುತ್ತಿದ್ದೆ. ಅವರು ಅತ್ತ ಕಡೆ ಚುಕ್ಕಿ ಇಡುತ್ತಿದ್ದರು. ಎಷ್ಟೋ ತಿಂಗಳು ನಡೆಯಿತು. ಒಂದು ಶುಕ್ರವಾರ ಫೋನನ್ನು ಅವರ ಅಕ್ಕ ಎತ್ತಿದರು. “ಸರ್ ಇಲ್ವಾ ಅಮ್ಮ?” ಎಂದೆ. “ಇಲ್ಲವ್ವ” ಎಂದರು. ಅಂಗಡಿಗೆ ಹೋಗಿದ್ದಾರೇನೋ ಎಂದುಕೊಂಡು, ಬಂದ ಮೇಲೆ ಹೇಳ್ರಿ ಎಂದು ಆ ವಾರದ ಮೂರೂ ಸಂಖ್ಯೆ ಹೇಳಿದೆ. ಆಕೆ ತಡೆಯದೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು.

ಮೊನ್ನೆ ಬೆರಳಿಗೆ ಹತ್ತಿ ಒತ್ತಿಕೊಂಡು ಡಾಕ್ಟರ ಮುಂದೆ ಕೂತೆ. ಮನೆಯಲ್ಲಿ ಮಿಷನ್ನಿನಲ್ಲಿ ನೋಡಿ ಬರೆದಿಡಿ ಎಂದಿದ್ದರಲ್ಲ, ಆ ಸಕ್ಕರೆ ಪುಸ್ತಕ ತಿರುವಿ ಹುಬ್ಬು ಗಂಟಿಕ್ಕಿದರು. ಚಿಕ್ಕ ವಯಸ್ಸಿನ ಹುಡುಗಿ.

“ಏನ್ರಿ ಇದು, ನೋಡಿಲ್ಲ, ನೋಡಿಲ್ಲ, ಮತ್ತೆ ನೋಡಿಲ್ಲ! ಉಳಿದೋರೆಲ್ಲ ಎಷ್ಟು ನೀಟಾಗಿ ತುಂಬ್ಕಂಡು ಬರ್ತಾರೆ.”

“ಗೊತ್ತು ತಾಯಿ. ತುಂಬಾಕೆ ನಂಗೂ ಬರ್ತೈತೆ” ಎಂದೆ. ಆಕೆಗೆ ಅರ್ಥವಾಗಲಿಲ್ಲ. ವಿವರಿಸುವಷ್ಟು ತ್ರಾಣ ನನಗೂ ಇರಲಿಲ್ಲ.

ನ್ಯಾಮತಿಗೆ ಬಂದು, ಅನ್ನಕ್ಕಿಟ್ಟು, ಬೀರುವಿನಿಂದ ಆ ಎರಡನೆಯ ನೋಟ್‌ಬುಕ್ಕು ತೆಗೆದೆ. ಸ್ಪಿರಿಟ್ಟಿನ ವಾಸನೆ ಅದರಿಂದ ಯಾವತ್ತೋ ಹೋಗಿದೆ. ಕೊನೆಯ ಸಂಖ್ಯೆ ಅವರ ಅಕ್ಕ ಫೋನು ಎತ್ತಿದ ಆ ಶುಕ್ರವಾರದ್ದು. ಅದರ ಮುಂದಿನ ಸೋಮವಾರ ದನಿನ ಡಾಕ್ಟ್ರು ಫ್ಲಾಸ್ಕು ತುಂಬಿಸಿಕೊಟ್ಟು, ಎಂದಿನ ಆ ಕರುವಿನ ಮಾತೆತ್ತದೆ ಹೋಗಿದ್ದ. ನಾನು ಬಾಗಿಲು ಹಾಕಿ ಕೂತೆ. ಮಂಜು ಕಟ್ಟಿತು. ಎಳೆಗಳು ಬಂದವು, ಹೋದವು... ಎಡಗಡೆಯ ಬೀಜಗಳು ಎಡಗಡೆಯೇ ಉಳಿದವು.

ಎಣಿಸದೇ ಎದ್ದ ಆ ಸೋಮವಾರದ ಮುಂದೆ ನೋಡಿಲ್ಲ ಎಂದು ಬರೆದಿದ್ದೇನೆ. ಅಲ್ಲಿಂದಾಚೆ ಸರ್ ಗೆರೆ ಹಾಕಿಟ್ಟು ಹೋದ ಪುಟಗಳು ಇನ್ನೂ ಇವೆ. ಅವುಗಳಲ್ಲಿ ನಾನು ಏನನ್ನೂ ತುಂಬಿಲ್ಲ.