ಹೆಬ್ಬೆರಳಿನ ಕೆಳಗಿನ ಇಸವಿ

ನನ್ನ ಬಸ್ಸಿನ ಗೆಳತಿ ಸವಳಂಗ ರಸ್ತೆಯ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ದಿನಾ ಬೆಳಿಗ್ಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ನಮ್ಮಿಬ್ಬರದೂ ಒಂದೇ ಸರ್ಕಾರಿ ಬಸ್ಸು. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಕಂಡಕ್ಟರಿಗೆ ತೋರಿಸುವಾಗ ಅವರು ಹುಟ್ಟಿದ ಇಸವಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದರು.

"ಅದೆಲ್ಲ ಅವನಿಗ್ಯಾಕೆ ಮಾರಾಯ್ತಿ?"

ಪಾಪ, ಆ ಇಸವಿ ತಿಳಿಯದೆ ಕಂಡಕ್ಟರ್ ಊಟ ಬಿಟ್ಟಿದ್ದ ನೋಡಿ!

ಅಂಗಡಿ ಯಜಮಾನರಿಗೆ ಕೌಂಟರಿನಲ್ಲಿ 'ಫ್ರೆಶ್ ಮುಖ' ಬೇಕಂತೆ. ಯಜಮಾನರದೇ ತಲೆ ಬೆಳ್ಳಗಾಗಿ, ಹೊಟ್ಟೆ ಗಲ್ಲಾಪೆಟ್ಟಿಗೆಯ ಮೇಲೆ ಕೂತಿತ್ತು. ಗಂಡಸರಿಗಾದರೆ ಅದು ಅನುಭವ. ಹಾಗಾಗಿ ಇವರು ಪ್ರತಿ ಭಾನುವಾರ ತಲೆಗೆ ಕಪ್ಪು ಬಳಿದುಕೊಂಡು, ಐದು ವರ್ಷದಿಂದ ನಲವತ್ತೆರಡರಲ್ಲೇ ನಿಂತಿದ್ದರು. ನಾನು ಡೈ ಮುಟ್ಟದವಳು. ಒಳಗೊಳಗೇ ನಗುತ್ತಿದ್ದೆ.

ಒಂದು ದಿನ ಬಸ್ಸು ತುಂಬಿತ್ತು, ಇಬ್ಬರೂ ನಿಂತಿದ್ದೆವು. ಮಾಚೇನಹಳ್ಳಿ ಹತ್ತಿರ ಕಂಡಕ್ಟರ್ ನಮ್ಮ ಕಡೆ ಕೈ ತೋರಿಸಿ, "ಯಾರಾದ್ರೂ ಅಜ್ಜಿಗೆ ಸೀಟ್ ಬಿಡ್ರಪ್ಪ" ಅಂದ.

ಅವರು ಹಿಂದೆ ತಿರುಗಿ ಅಜ್ಜಿಯನ್ನು ಹುಡುಕಿದರು. ಆಮೇಲೆ ಒಬ್ಬ ಹುಡುಗ ಬಿಟ್ಟುಕೊಟ್ಟ ಸೀಟಿನಲ್ಲಿ ನನ್ನ ಭುಜ ಹಿಡಿದು ಕೂರಿಸಿದರು.

"ಕೂತ್ಕೋ ಮಾರಾಯ್ತಿ, ನಿನಗೇ ಹೇಳಿದ್ದು."

ನಾನು ಅವರಿಗಿಂತ ಎಂಟು ವರ್ಷ ಚಿಕ್ಕವಳು. ಆದರೆ ಬೆಳ್ಳಗಿದ್ದದ್ದು ನನ್ನ ತಲೆ. ಅವರು ನೋಯುವ ಮೊಣಕಾಲು ಒತ್ತಿಕೊಳ್ಳುತ್ತಾ, ಗೆದ್ದವರ ಹಾಗೆ ಶಿವಮೊಗ್ಗದವರೆಗೂ ನಿಂತೇ ಬಂದರು.

ಆ ಸಂಜೆ ನಾನೂ ಒಂದು ಡೈ ಪ್ಯಾಕೆಟ್ ಕೊಂಡೆ. ಮರುದಿನ ಕಾರ್ಡ್ ತೋರಿಸುವಾಗ ನನ್ನ ಹೆಬ್ಬೆರಳು ತಾನಾಗಿಯೇ ಹೋಗಿ ಇಸವಿಯ ಮೇಲೆ ಕೂತುಕೊಂಡಿತು.

ಅದೆಲ್ಲ ಅವನಿಗ್ಯಾಕೆ?