ಕೆಸರಿನಿಂದ ಎದ್ದ ಮೋಟಾರು

ಊರಿನವರೆಲ್ಲ ಅವಳನ್ನು ಮೋಟಾರಕ್ಕ ಎಂದೇ ಕರೆಯುತ್ತಿದ್ದರು. ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ, ದೋಣಿಗಟ್ಟೆಯಿಂದ ಮೇಲಕ್ಕೆ ಹತ್ತುವ ಓಣಿಯ ಕೊನೆಯಲ್ಲಿ ಅವಳ ಮನೆ. ಮನೆಗೆ ಅಂಟಿಕೊಂಡಂತೆ ಒಂದು ತಗಡಿನ ಶೆಡ್ಡು. ದೋಣಿಯ ಹಿಂಬದಿಗೆ ಸಿಕ್ಕಿಸುವ ಸಣ್ಣ ಮೋಟಾರುಗಳನ್ನು ರಿಪೇರಿ ಮಾಡುವವರು ಆ ದಡದಲ್ಲಿ ಅವಳೊಬ್ಬಳೇ. ಯಾವ ಮೋಟಾರು ಬಂದರೂ ಕೈ ಹಾಕುವ ಮೊದಲು ಅದರ ಸುತ್ತ ಒಮ್ಮೆ ಕಣ್ಣಾಡಿಸುವುದು ಅವಳ ಪದ್ಧತಿ. ಯಾವ ಸ್ಕ್ರೂ ಸಡಿಲವಾಗಿದೆ, ಯಾವ ಟ್ಯಾಪು ಎತ್ತ ತಿರುಗಿದೆ, ಎಣ್ಣೆ ಎಲ್ಲಿ ಜಿನುಗಿದೆ, ಇದೆಲ್ಲ ಬಿಚ್ಚಿದ ಮೇಲೆ ತಿಳಿಯುವುದಿಲ್ಲ.

"ಹೇಗೆ ಕೆಟ್ಟೆ ಅಂತ ಅದೇ ಹೇಳುತ್ತೆ. ನಾವು ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರ್ಬೇಕು, ಅಷ್ಟೆ" ಎನ್ನುವಳು.

ಮದುವೆಯ ಮಾತೆತ್ತಿದವರಿಗೂ ಅವಳ ಬಳಿ ಉತ್ತರ ಸಿದ್ಧವಿತ್ತು. "ಮೋಟಾರಾದ್ರೆ ಮುನಿಸಿಕೊಂಡಾಗ ಬಿಚ್ಚಿ ನೋಡಬಹುದು. ಗಂಡನ್ನ ಏನ್ ಮಾಡ್ಲಿ?"

ಆದರೆ ಅವಳಿಗೆ ಇನ್ನೊಂದು ಅಭ್ಯಾಸವೂ ಇತ್ತು. ಆಚೆ ದಡದಿಂದ ಯಾವುದಾದರೂ ಹಳೆಯ ಮೋಟಾರು ಬಂದರೆ ಮೊದಲು ಅದರ ಹಿಡಿಯನ್ನು ಮುಟ್ಟಿ ನೋಡುತ್ತಿದ್ದಳು. ಅವಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಮಂಜು ಕವಿದ ಒಂದು ಬೆಳಗ್ಗೆ, ದೋಣಿಯಲ್ಲಿ ಹೋಗಿದ್ದ ಅಪ್ಪ ಹಿಂದಿರುಗಲಿಲ್ಲ. ದೋಣಿಯೂ ಇಲ್ಲ, ಮೋಟಾರೂ ಇಲ್ಲ, ಮನುಷ್ಯನೂ ಇಲ್ಲ. ಹುಡುಕಿದವರು ಕೈಚೆಲ್ಲಿದ ಮೇಲೆ ಊರು ತನಗೆ ತೋಚಿದ್ದನ್ನು ಆಡಿಕೊಂಡಿತು. ಆಚೆ ದಡದಲ್ಲಿ ಅವನಿಗೆ ಇನ್ನೊಂದು ಸಂಸಾರವಿದೆ, ಅಲ್ಲಿಗೇ ಹೋಗಿ ಸೇರಿಕೊಂಡ ಎಂದಿತು. ಅವನನ್ನು ಅಲ್ಲಿಯ ಸಂತೆಯಲ್ಲಿ ಕಣ್ಣಾರೆ ಕಂಡ ಅಳಿಯನೊಬ್ಬ ಎದುರುಮನೆಯ ದೊಡ್ಡಮ್ಮನಿಗಿದ್ದ. ಅಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮಗಳು ಅಪ್ಪನನ್ನು ದ್ವೇಷಿಸುತ್ತ ಬೆಳೆದಳು, ಅವನದೇ ಸ್ಪ್ಯಾನರುಗಳನ್ನು ಹಿಡಿದು ಅವನದೇ ಕೆಲಸ ಕಲಿತಳು.

ಆ ವರ್ಷ ಅಣೆಕಟ್ಟಿನ ಬಾಗಿಲುಗಳ ರಿಪೇರಿಗೆಂದು ನೀರನ್ನು ಪೂರ್ತಿ ಇಳಿಸಿದರು. ಎಂದೋ ಮುಳುಗಿದ್ದ ಮರದ ಬೊಡ್ಡೆಗಳು, ಯಾರದೋ ಮನೆಯ ಮೆಟ್ಟಿಲುಗಳು ಕೆಸರಿನಿಂದ ಮೇಲೆದ್ದು ನಿಂತವು. ಮೀನುಗಾರನೊಬ್ಬ ತಳ್ಳುಗಾಡಿಯಲ್ಲಿ ಕೆಸರಿನ ಮುದ್ದೆಯೊಂದನ್ನು ಹೇರಿಕೊಂಡು ಶೆಡ್ಡಿಗೆ ಬಂದ.

"ಅಕ್ಕಾ, ಹೆಣಕ್ಕೆ ಜೀವ ಕೊಡ್ತೀಯಂತಲ್ಲ, ಇದಕ್ಕೆ ಕೊಡು ನೋಡೋಣ. ಎದ್ರೆ ನನ್ನ ಚಿಕ್ಕ ದೋಣಿಗಾಯ್ತು."

"ಎಲ್ಲಿ ಸಿಕ್ತು?"

"ನಡುನೀರಲ್ಲಿ, ಆ ಒಂಟಿ ಬಂಡೆ ಹತ್ರ. ಕೆಸರಲ್ಲಿ ತಲೆಕೆಳಗಾಗಿ ನಿಂತಿತ್ತು. ದೋಣಿ ಎಲ್ಲಾ ಕೊಳೆತುಹೋಗಿದೆ. ಒಂದು ತುಂಡು ಹಲಗೆ ಮಾತ್ರ ಇನ್ನೂ ಕಚ್ಕೊಂಡಿದೆ ನೋಡು."

ಅವಳು ಬಕೆಟ್ಟಿನಿಂದ ನೀರು ಸುರಿದಳು. ಕೆಸರು ಕರಗಿದಂತೆ ಹಿಡಿ ಹೊರಬಂತು. ಅದರ ಸುತ್ತ ಒತ್ತೊತ್ತಾಗಿ ತಾಮ್ರದ ತಂತಿ ಸುತ್ತಿತ್ತು. ಅಪ್ಪ ಅದನ್ನು ಸುತ್ತುವಾಗ ತಂತಿಯ ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದು ಹಿಡಿದವಳು ಅವಳೇ.

"ಯಾಕಕ್ಕ, ಮುಖ ಹಂಗಾಯ್ತು?"

"ಇದು ನಮ್ಮಪ್ಪಂದು."

ಮೀನುಗಾರ ಕೈಯನ್ನು ಪಂಚೆಗೆ ಒರೆಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. "ಹಂಗಾದ್ರೆ ಇಲ್ಲೇ ಇರ್ಲಿ ಬಿಡು" ಎಂದು ತಳ್ಳುಗಾಡಿಯನ್ನೂ ಬಿಟ್ಟು ಹೋದ.

ಆ ದಿನದಿಂದ ಮನೆಯಲ್ಲಿ ಏನೋ ಬದಲಾಯಿತು. ಒರೆಸಿದಷ್ಟೂ ಮೋಟಾರಿನ ಒಳಗಿಂದೆಲ್ಲಿಂದಲೋ ನೀರು ತೊಟ್ಟಿಕ್ಕುತ್ತಲೇ ಇತ್ತು. ಬೆಳಗ್ಗೆ ಶೆಡ್ಡಿನ ಬಾಗಿಲು ತೆರೆದರೆ ನೆಲದ ಒದ್ದೆ ಮನೆಯ ಹೊಸಿಲಿನವರೆಗೂ ಹರಿದಿರುತ್ತಿತ್ತು. ಊಟದ ಹೊತ್ತಿಗೆ ಅಮ್ಮ ಮೂರು ತಟ್ಟೆ ಹಾಕತೊಡಗಿದಳು. ಕೇಳಿದರೆ, "ಓ, ಕೈತಪ್ಪಿ ಬಂತು" ಎನ್ನುತ್ತ ಒಂದನ್ನು ಎತ್ತಿಡುವಳು. ಮಾರನೆಯ ದಿನವೂ ಕೈ ತಪ್ಪುತ್ತಿತ್ತು.

ಮೋಟಾರಕ್ಕ ತನ್ನ ಪದ್ಧತಿ ಬಿಡಲಿಲ್ಲ. ಬಿಚ್ಚುವ ಮೊದಲು ಸುತ್ತ ನೋಡಿದಳು. ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿ ಹೋಗಲು ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಓಡಿಸುವಾಗ ಅದನ್ನು ಸಡಿಲಿಸಬೇಕು, ಮೋಟಾರನ್ನು ಎತ್ತಿ ಒಯ್ಯುವಾಗ ಬಿಗಿಯಬೇಕು. ಈಗ ಅದು ಸಡಿಲವಾಗಿಯೇ ಇತ್ತು. ಅಂದರೆ ಅಪ್ಪ ಯಾವ ದಡವನ್ನೂ ಮುಟ್ಟಿರಲಿಲ್ಲ. ಅವನಿಗೆ ಬೇರೆ ಮನೆಯಿರಲಿಲ್ಲ, ಸಂತೆಯಿರಲಿಲ್ಲ. ಇಷ್ಟು ವರ್ಷ ಅವಳು ಹೊತ್ತಿದ್ದ ಸಿಟ್ಟು ಎಲ್ಲಿ ಇಳಿಸಬೇಕೆಂದು ತಿಳಿಯದೆ ಎದೆಯಲ್ಲೇ ಉಳಿಯಿತು.

ಆಮೇಲೆ ಕಣ್ಣು ಟ್ಯಾಂಕಿನ ಕೆಳಗಿನ ಪೆಟ್ರೋಲ್ ಟ್ಯಾಪಿನ ಮೇಲೆ ಬಿತ್ತು. ಅದು ಮುಚ್ಚಿತ್ತು. ಹಸಿರು ಕಿಲುಬು ಕಟ್ಟಿ, ಇಕ್ಕಳಕ್ಕೂ ಜಗ್ಗದಷ್ಟು ಬಿಗಿಯಾಗಿತ್ತು. ಮೀನುಗಾರನ ಕೈತಾಗಿ ತಿರುಗಿದ್ದಲ್ಲ. ಕೊನೆಯ ಸಲ ಅದನ್ನು ತಿರುಗಿಸಿದ್ದು ಅಪ್ಪನ ಕೈಯೇ.

ದೋಣಿಗಟ್ಟೆ ಹತ್ತಿರ ಬಂದಾಗ ಟ್ಯಾಪು ಮುಚ್ಚುವುದು ಅಪ್ಪನ ರೂಢಿ. ಕಾರ್ಬೊರೇಟರಿನಲ್ಲಿ ಉಳಿದಷ್ಟು ಪೆಟ್ರೋಲು ಉರಿದು ಮುಗಿಯುವಷ್ಟರಲ್ಲಿ ದೋಣಿ ಕಟ್ಟೆಗೆ ಬಂದು ತಾಗುತ್ತಿತ್ತು. ನಡುನೀರಿನಲ್ಲಿ ಯಾರಾದರೂ ಯಾಕೆ ಟ್ಯಾಪು ಮುಚ್ಚುತ್ತಾರೆ? ಸುತ್ತ ಮಂಜು, ಕೆಳಗೆ ಆಳದ ನೀರು, ಮೋಟಾರನ್ನು ತಾನೇ ಸುಮ್ಮನಾಗಿಸಿ ಕುಳಿತ ಮನುಷ್ಯ. ಅದಕ್ಕಿಂತ ಓಡಿಹೋದ ಅಪ್ಪನೇ ವಾಸಿ ಎನಿಸಿತು.

ಯೋಚನೆಗೆ ಎಡೆ ಸಿಗದಿರಲೆಂದು ಕೆಲಸಕ್ಕೆ ಬಿದ್ದಳು. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಪ್ಲಗ್ಗಿನ ತೂತಿನಿಂದ ಸೀಮೆಎಣ್ಣೆ ಸುರಿದು ದಿನಗಟ್ಟಲೆ ನೆನೆಹಾಕಿದಳು. ಆಮೇಲೆ ಮರದ ತುಂಡಿಟ್ಟು, ಮಲಗಿದ ಮಗುವಿನ ಬೆನ್ನು ತಟ್ಟಿದಷ್ಟೇ ಹಗುರಾಗಿ ತಟ್ಟಿದಳು. ಒಂದು ಬೆಳಗ್ಗೆ ಅದು ಕೂದಲೆಳೆಯಷ್ಟು ಜರುಗಿತು. ಕಿಡಿ ಹುಟ್ಟಿಸುವ ಕಾಯಿಲನ್ನು ಗುಜರಿಯ ಮೋಟಾರೊಂದರಿಂದ ಕಿತ್ತು ಹಾಕಿದಳು. ಬೇರಿಂಗುಗಳನ್ನೂ ನೀರಿನ ಪಂಪಿನ ರಬ್ಬರನ್ನೂ ಬದಲಿಸಿದಳು. ಕಾರ್ಬೊರೇಟರು ಬಿಚ್ಚಿದಾಗ ಪೆಟ್ರೋಲು ತಡೆಯುವ ಪುಟ್ಟ ಸೂಜಿಯ ಮೂತಿ ಸವೆದು ಗೆರೆ ಬಿದ್ದಿರುವುದು ಕಂಡಿತು. ಅಪ್ಪನ ರೂಢಿಗೆ ಕಾರಣ ಅದೇ. ಟ್ಯಾಪು ಮುಚ್ಚದೆ ನಿಲ್ಲಿಸಿದರೆ ಪೆಟ್ರೋಲು ಒಳಗೆ ಉಕ್ಕಿ ಪ್ಲಗ್ಗು ನೆನೆಯುತ್ತಿತ್ತು. ಒಮ್ಮೆ ನಿಂತರೆ, ಬಿಸಿ ಆರುವವರೆಗೂ ಆ ಮೋಟಾರು ಎಷ್ಟು ಹಗ್ಗ ಎಳೆದರೂ ಏಳುತ್ತಿರಲಿಲ್ಲ. ಮನೆಯವರಿಗೆಲ್ಲ ಗೊತ್ತಿದ್ದ ಮೊಂಡುತನ ಅದು.

ಮಧ್ಯಾಹ್ನ ಅವಳು ಸೂಜಿಯನ್ನು ಬೆಳಕಿಗೆ ಹಿಡಿದು ಕುಳಿತಿದ್ದಾಗ, ಶೆಡ್ಡಿನೊಳಗೆ ಎಂದೂ ಕಾಲಿಡದ ಅಮ್ಮ ಬಂದು, ಮೋಟಾರು ಓಡಿಸಿ ನೋಡುವ ನೀರಿನ ಡ್ರಮ್ಮಿನ ಪಕ್ಕ ನಿಂತಳು.

"ಏನಂತೆ ಅದು?"

"ಅಮ್ಮ, ಅಪ್ಪ ಆಚೆ ದಡಕ್ಕೆ ಹೋಗ್ಲೇ ಇಲ್ಲ."

"ಗೊತ್ತು."

"ಗೊತ್ತಾ? ನಡುನೀರಲ್ಲಿ ತಾನೇ ಟ್ಯಾಪು ಮುಚ್ಚಿದಾನೆ, ಅದೂ ಗೊತ್ತಾ? ಸಾಯೋಕೇ ಅಂತ..."

"ಥೂ, ಬಿಡ್ತು ಅನ್ನು!" ಅಮ್ಮ ಬೆಂಚಿನ ಮೇಲಿದ್ದ ರೈಲು ಕಂಬಿಯ ತುಂಡನ್ನು ತೋರಿಸಿದಳು. "ಇದ್ರಿಂದ ಕಣೇ ಅವರು ಮುಚ್ಚಿದ್ದು."

ಮಗಳು ಆ ಕಂಬಿಯ ಮೇಲಿಟ್ಟು ತಗಡು ಬಡಿಯದ ದಿನವಿರಲಿಲ್ಲ. ಬಡಿಯುವಾಗಲೆಲ್ಲ ಅಮ್ಮ ಹಿತ್ತಲಿಗೆ ಎದ್ದುಹೋಗುತ್ತಿದ್ದಳು. ತಲೆನೋವಿರಬೇಕು ಎಂದುಕೊಂಡಿದ್ದಳು ಮಗಳು.

"ಮಂಜಿದ್ದಾಗ ನಾನು ಕಟ್ಟೆ ಮೇಲೆ ನಿಂತು ಹಳೇ ಡಬ್ಬ ಬಡೀತಿದ್ದೆ, ನೆನಪಿದ್ಯಾ? ಡಬ್ಬದ ಸದ್ದು ಕೇಳಿಸ್ತು ಅಂದ್ರೆ ಕಟ್ಟೆ ಬಂತು ಅಂತ ಅವರ ಲೆಕ್ಕ. ಕೇಳಿದ ಕೂಡ್ಲೇ ಟ್ಯಾಪು ಮುಚ್ಚೋರು. ಆವತ್ತು ನನ್ನ ಕೈ ನನಗೇ ಕಾಣದಷ್ಟು ಮಂಜು. ದೂರಕ್ಕೆ ಕೇಳ್ಲಿ ಅಂತ ಡಬ್ಬ ಬಿಟ್ಟು ಈ ಕಂಬಿ ನೇತುಹಾಕಿ ಬಡಿದೆ."

ಮಗಳ ಕೈಯಿಂದ ಸೂಜಿ ಜಾರಿತು.

"ಮೋಟಾರಿನ ಸದ್ದು ಬರ್ತಿತ್ತು. ಕೊನೇಲಿ ಒಂದ್ಸಲ ಸದ್ದು ಜೋರಾಗಿ, ಆಮೇಲೆ ನಿಂತ್ಹೋಯ್ತು. ಟ್ಯಾಪು ಮುಚ್ಚಿದ್ರೆ ಹಂಗೇ ಅಲ್ವಾ ಅದು ನಿಲ್ಲೋದು? ಬಂದೇಬಿಟ್ರು ಅಂದ್ಕೊಂಡೆ. ಬಡಿಯೋದು ನಿಲ್ಲಿಸಿ, ಒಲೆ ಮೇಲೆ ನೀರಿಡೋಕೆ ಮನೆಗೆ ಬಂದೆ."

"ಆಮೇಲೆ?"

"ನೀರು ಕುದೀತು. ಅವರು ಬರ್ಲಿಲ್ಲ."

ಉಳಿದದ್ದನ್ನು ಮೋಟಾರಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಂಬಿಯ ಸದ್ದು ನಡುನೀರಿನವರೆಗೂ ಹೋಗಿತ್ತು, ಡಬ್ಬದ ಲೆಕ್ಕದಲ್ಲೇ ಕಟ್ಟೆ ಬಂತೆಂದು ಅಪ್ಪ ಟ್ಯಾಪು ಮುಚ್ಚಿದ್ದ. ಬಿಸಿ ಮೋಟಾರು ಏಳುವಂತಿರಲಿಲ್ಲ. ಅಪ್ಪ ಹುಟ್ಟು ಕೈಗೆತ್ತಿಕೊಂಡಿರಬೇಕು. ಕಂಬಿಯ ಸದ್ದಿಗಾಗಿ ಕಿವಿ ನೆಟ್ಟು ಕುಳಿತಿರಬೇಕು. ಸದ್ದು ಬರಲಿಲ್ಲ. ಅಣೆಕಟ್ಟಿನ ಬಾಗಿಲುಗಳ ಕಡೆಗೆ ಸೆಳೆಯುವ ನೀರು ದೋಣಿಯನ್ನು ಮೆಲ್ಲಗೆ ಬಂಡೆಯತ್ತ ಒಯ್ದಿರಬೇಕು. ಅವನೂ ಮನೆಯ ರೂಢಿ ತಪ್ಪಿರಲಿಲ್ಲ, ಮೋಟಾರು ನಿಂತೊಡನೆ ಬಡಿಯುವುದನ್ನು ನಿಲ್ಲಿಸಿದ ಅಮ್ಮನೂ ತಪ್ಪಿರಲಿಲ್ಲ.

"ಊರೋರು ಅಷ್ಟೆಲ್ಲ ಅಂದಾಗ ಒಂದು ಮಾತಾಡ್ಲಿಲ್ವಲ್ಲಮ್ಮ ನೀನು?"

"ಆಚೆ ದಡದಲ್ಲಿದಾರೆ ಅಂದ್ರೆ, ಎಲ್ಲೋ ಒಂದ್ಕಡೆ ಉಂಡ್ಕೊಂಡು ಇದಾರೆ ಅಂತಾಯ್ತಲ್ಲ. ನಾನೂ ಅದನ್ನೇ ನಂಬ್ಕೊಂಡೆ. ನಂಬಿದ ದಿನ ನಿದ್ದೆ ಬರ್ತಿತ್ತು." ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನಗೆ ಅಪ್ಪನ ಮೇಲೆ ಸಿಟ್ಟು ಬರೋದು ಕಾಣ್ತಿತ್ತು. ನನ್ನ ಮೇಲೆ ಬರೋದಕ್ಕಿಂತ ಅದೇ ಇರ್ಲಿ ಅಂತ ಸುಮ್ಮನಿದ್ದೆ."

ಆಗ ಬಾಯಿ ತೆರೆದಿದ್ದರೆ ಮಗಳಿಂದ ಒಳ್ಳೆಯ ಮಾತು ಬರುತ್ತಿರಲಿಲ್ಲ. ಕೆಳಗೆ ಬಗ್ಗಿ ಸೂಜಿಯನ್ನು ಹುಡುಕಿ ಬದಿಗಿಟ್ಟು, ಹೊಸ ಸೂಜಿ ಹಾಕಿ ಕಾರ್ಬೊರೇಟರು ಜೋಡಿಸಿದಳು. ಬಿಸಿ ಮಾಡಿ ಸಡಿಲಿಸಿದ್ದ ಟ್ಯಾಪನ್ನು ತೆರೆದಳು. ಮೋಟಾರನ್ನು ನೀರು ತುಂಬಿದ ಡ್ರಮ್ಮಿನ ಅಂಚಿಗೆ ಸಿಕ್ಕಿಸಿ ಹಗ್ಗ ಸುತ್ತಿ ಎಳೆದಳು. ಕೆಮ್ಮಿತು. ಮತ್ತೆ ಎಳೆದಳು. ಬೂದುಬಣ್ಣದ ಹೊಗೆ ಕಾರಿ, ಒಡೆದ ದನಿಯಲ್ಲಿ ಮೋಟಾರು ಎದ್ದಿತು. ಡ್ರಮ್ಮಿನ ನೀರು ಕಲಕಿ ಉಕ್ಕಿತು. ಅಮ್ಮ ಕಣ್ಣು ಮುಚ್ಚಿ ತಂತಿ ಸುತ್ತಿದ ಹಿಡಿಯ ಮೇಲೆ ಕೈಯಿಟ್ಟಳು.

ಮಗಳ ಕೈ ಅಭ್ಯಾಸಬಲದಿಂದ ಟ್ಯಾಪಿನ ಕಡೆಗೆ ಹೋಯಿತು.

"ಮುಚ್ಬೇಡ" ಎಂದಳು ಅಮ್ಮ.

ಸದ್ದಿಗೆ ಓಣಿಯ ಬಾಗಿಲುಗಳು ತೆರೆದವು. ಎದುರುಮನೆಯ ದೊಡ್ಡಮ್ಮ ಗೋಡೆ ಹಿಡಿದುಕೊಂಡು ಶೆಡ್ಡಿನವರೆಗೂ ಬಂದಳು. ಮುಖ ಬಿಳುಚಿತ್ತು.

"ಏನೇ ಇದು? ನಿನ್ನ ಗಂಡನ ಮೋಟಾರಿನ ಸದ್ದು ಕೇಳ್ದಂಗಾಯ್ತು ನಂಗೆ!"

"ಅವರದ್ದೇ, ದೊಡ್ಡಮ್ಮ."

"ಅಯ್ಯೋ! ಆಚೆ ದಡದಿಂದ ಕಳಿಸಿದ್ರಾ?"

ಅಮ್ಮ ಒಮ್ಮೆ ಮಗಳ ಮುಖ ನೋಡಿದಳು. ಮಗಳು ನೋಟ ತಪ್ಪಿಸಲಿಲ್ಲ. ಮೋಟಾರಿನ ಸದ್ದನ್ನೂ ಮೀರಿ ಕೇಳುವಂತೆ, ಓಣಿಯಲ್ಲಿ ನಿಂತವರಿಗೆಲ್ಲ ಕೇಳುವಂತೆ ಅಮ್ಮ ಹೇಳಿದಳು:

"ಯಾವ ಆಚೆ ದಡಾನೂ ಇಲ್ಲ. ಅವರು ಮನೆಗೇ ಬರ್ತಿದ್ರು. ನಾನೇ ಬಡಿಯೋದು ನಿಲ್ಲಿಸ್ಬಿಟ್ಟೆ."