ಬೆನ್ನ ಹಿಂದಿನ ಎಡಗೈ

ಮೇಷ್ಟ್ರ ಎಡಗೈ ಯಾವಾಗಲೂ ಬೆನ್ನ ಹಿಂದೆ ಇರುತ್ತಿತ್ತು. ಶಿಕಾರಿಪುರದ ಪೇಟೆಬೀದಿಯಲ್ಲಿ ತಮ್ಮನ ಕಿರಾಣಿ ಅಂಗಡಿಯೊಳಗೆ ನಿಂತು ಬೆಲ್ಲ ತೂಗುವಾಗಲೂ ಬಲಗೈ ಒಂದೇ ಓಡಾಡುತ್ತಿತ್ತು. ಎಡಗೈ ಹಿಂದೆ, ಧೋತರದ ಗಂಟಿನ ಮೇಲೆ, ಬೆರಳು ಮಡಚಿಕೊಂಡು ಮಲಗಿರುತ್ತಿತ್ತು. ಪೊಟ್ಟಣ ಕಟ್ಟಬೇಕಾದರೆ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರೇ ಹೊರತು ಆ ಕೈಯನ್ನು ಮುಂದೆ ತರುತ್ತಿರಲಿಲ್ಲ.

"ಮೇಷ್ಟ್ರೇ, ಎಡಗೈ ಯಾರಿಗೆ ಅಡ ಇಟ್ಟೀರ್ರೀ?" ಎಂದು ಗಿರಾಕಿಗಳು ಚುಡಾಯಿಸುತ್ತಿದ್ದರು.

"ಜೀವಕ್ಕೆ ಇಟ್ಟೀನಪ್ಪ. ಬಿಡಿಸ್ಕೊಳ್ಳಾಕೆ ಬರಂಗಿಲ್ಲ," ಎನ್ನುತ್ತಿದ್ದರು.

ಅದು ತಮಾಷೆಯೇನೂ ಆಗಿರಲಿಲ್ಲ. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಅವರು ಬಹಳ ವರ್ಷ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದರು. ವಾಲ್ವುಗಳ ಪ್ರಯೋಗದಲ್ಲಿ ಮೈ ಜುಮ್ಮೆನ್ನಿಸುವಷ್ಟು ವೋಲ್ಟೇಜ್ ಇರುತ್ತದೆ. ಎರಡು ಕೈಯೂ ತಂತಿ ಮುಟ್ಟಿದರೆ ಕರೆಂಟಿಗೆ ಎದೆಯೇ ದಾರಿ. ಒಂದು ಕೈ ಹಿಂದಿದ್ದರೆ ಆ ದಾರಿ ಬಂದ್. ಆ ಅಭ್ಯಾಸ ಅವರನ್ನು ಪ್ರಯೋಗಾಲಯದಿಂದ ಅಂಗಡಿಗೂ ಹಿಂಬಾಲಿಸಿತ್ತು. ಬೆಳಿಗ್ಗೆ ಲಿಂಗಪೂಜೆಯ ಹೊತ್ತಿನಲ್ಲಿ ಮಾತ್ರ ಎಡಗೈ ಮುಂದೆ ಬರುತ್ತಿತ್ತು. ಅಂಗೈಯ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಕೂತರೆ ಆ ಕೈ ಅಲುಗುತ್ತಿರಲಿಲ್ಲ. ದೇವರಿಲ್ಲವೆಂದು ಚರ್ಚಾಸ್ಪರ್ಧೆಗಳಲ್ಲಿ ವಾದಿಸಿ ಕಪ್ ಗೆದ್ದವನು ನಾನು. ಆದರೂ ಆ ಕೈಯನ್ನು ನೋಡುತ್ತಾ ಬಾಗಿಲಲ್ಲೇ ನಿಂತುಬಿಡುತ್ತಿದ್ದೆ.

ನಾನು ಅವರಲ್ಲಿಗೆ ಹೋದದ್ದು ನಪಾಸಾದ ಮೇಲೆ. ಆ ನಪಾಸಿನ ಕಥೆ ಹೇಳದೆ ಅವರ ಬಗ್ಗೆ ಹೇಳಲು ಬರುವುದಿಲ್ಲ. ಹೇಳುವಾಗ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ನಮ್ಮ ಬಿ.ಎಸ್ಸಿ.ಗೆ ಎಲೆಕ್ಟ್ರಾನಿಕ್ಸ್ ಎಂಬುದು ಪುಸ್ತಕದ ಕೊನೆಯ ಅಧ್ಯಾಯ. ವಿಭಾಗದ ಮುಖ್ಯಸ್ಥರು ಅದನ್ನು ಎರಡು ಪಿರಿಯಡ್ಡಿನಲ್ಲಿ ಬರೆಸಿ ಮುಗಿಸುತ್ತಿದ್ದರು. ಪ್ರಯೋಗಕ್ಕೆ ಇದ್ದದ್ದು ಒಂದೇ ಟ್ರಯೋಡ್ ವಾಲ್ವು. ಗಾಜಿನ ಬುರುಡೆ, ಅದರೊಳಗೊಂದು ತಂತಿ, ತಂತಿಯ ಸುತ್ತ ಜಾಲರಿ, ಅದರಾಚೆ ತಗಡಿನ ಪ್ಲೇಟು. ತಂತಿ ಕಾದರೆ ಎಲೆಕ್ಟ್ರಾನುಗಳು ಹೊರಗೆ ಬೀಳುತ್ತವೆ, ಪ್ಲೇಟು ಎಳೆದುಕೊಳ್ಳುತ್ತದೆ, ಮೀಟರಿನಲ್ಲಿ ಕರೆಂಟು ಕಾಣುತ್ತದೆ. ಪ್ಲೇಟಿನ ವೋಲ್ಟೇಜು ಏರಿಸುತ್ತಾ ಹೋದರೆ ಕರೆಂಟೂ ಏರಬೇಕು. ಪುಸ್ತಕದಲ್ಲಿ ಆ ಗೆರೆ ಗುಡ್ಡ ಹತ್ತುವ ದಾರಿಯ ಹಾಗೆ ಚೆಂದಾಗಿ ಮೇಲೆ ಹೋಗಿದೆ.

ನಮ್ಮ ಕಾಲೇಜಿನ ವಾಲ್ವಿನಲ್ಲಿ ಅದು ಸ್ವಲ್ಪ ಹತ್ತಿ, ದಣಿದ ಎತ್ತಿನಂತೆ ಅಲ್ಲೇ ಮಲಗಿಬಿಡುತ್ತಿತ್ತು.

ಇದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಮದ್ದೂ ಇತ್ತು: ಮಾಮೂಲಿ. ಯಾವುದೋ ಕಾಲದಲ್ಲಿ, ವಾಲ್ವು ಚೆನ್ನಾಗಿದ್ದಾಗ, ಯಾರೋ ತೆಗೆದ ರೀಡಿಂಗುಗಳನ್ನು ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಬಾಯಲ್ಲೇ ದಾಟಿಸುತ್ತಿದ್ದರು. ಪರೀಕ್ಷೆಯ ಹಿಂದಿನ ದಿನ ಹಾಸ್ಟೆಲಿನಲ್ಲಿ ಹುಡುಗರು ಮಗ್ಗಿಯಂತೆ ರಾಗ ಹಾಕಿ ಅದನ್ನು ಒಪ್ಪಿಸುತ್ತಿದ್ದರು. ಮರುದಿನ ವಾಲ್ವಿನ ಮುಂದೆ ಗಂಭೀರವಾಗಿ ಕೂತು, ಗುಂಡಿ ತಿರುಗಿಸಿ, ಮೀಟರಿಗೆ ಬಗ್ಗಿ ನೋಡಿ, ಬರೆಯುತ್ತಿದ್ದದ್ದು ಮಾತ್ರ ಮಾಮೂಲಿ. ಭೌತಶಾಸ್ತ್ರ ಪದವಿ ಎಂದರೆ ಇದು!

ನಾನು ಮಾಮೂಲಿ ಬರೆಯಲಿಲ್ಲ. ಮೀಟರು ತೋರಿಸಿದ್ದನ್ನೇ ಬರೆದೆ. ಹೊರಗಿನಿಂದ ಬಂದ ಪರೀಕ್ಷಕರು ನನ್ನ ಗೆರೆ ನೋಡಿ, "ಇಂಥ ಕರ್ವು ಯಾವ ಪುಸ್ತಕದಲ್ಲಿದೆಯಯ್ಯ?" ಎಂದರು. "ಪುಸ್ತಕದಲ್ಲಿಲ್ಲ ಸರ್, ಮೀಟರಿನಲ್ಲಿದೆ," ಎಂದೆ. ಪಕ್ಕದಲ್ಲಿದ್ದ ನಮ್ಮ ಮುಖ್ಯಸ್ಥರು, "ಈತ ನಮ್ಮ ಡಿಬೇಟರ್ ಸರ್," ಎಂದು ನಕ್ಕರು. ಪರೀಕ್ಷಕರೂ ನಕ್ಕರು. ಜೂನಿನಲ್ಲಿ ಫಲಿತಾಂಶ ಬಂತು: ಪ್ರಾಯೋಗಿಕದಲ್ಲಿ ನಪಾಸು. ಮಾಮೂಲಿ ಬರೆದ ಅಷ್ಟೂ ಜನ ಪಾಸು.

ಸೊರಬದಲ್ಲಿ ನಮ್ಮ ಮನೆ. ಅಪ್ಪನಿಗೆ ಅಡಿಕೆ ಮಂಡಿಯಲ್ಲಿ ವ್ಯಾಪಾರ, ಮಾತು ಕಮ್ಮಿ. ಅವತ್ತು ಮಾತ್ರ ಬಿಡಲಿಲ್ಲ.

"ಎಲ್ರೂ ಬರೆದಿದ್ದು ಬರೆದ್ರೆ ನಿಂಗೆ ಎಂತ ಗಂಟು ಹೋಗ್ತಿತ್ತು ಮಾರಾಯ?"

"ಅದು ಸುಳ್ಳು ಅಪ್ಪಯ್ಯ."

"ಹೌದ್ನ? ಹಂಗಾರೆ ನಿಜ ಬರೆದಿದ್ದಕ್ಕೆ ಎಂತ ಕೊಟ್ರು? ಸೆಪ್ಟೆಂಬರ್ ಪರೀಕ್ಷೆ ಎಂತದೂ ಬ್ಯಾಡ. ನಾಳೆಯಿಂದ ಮಂಡಿಗೆ ಬಾ."

ನಾನು ಮಾರನೆಯ ದಿನ ಮಂಡಿಗೆ ಹೋಗಲಿಲ್ಲ, ಶಿಕಾರಿಪುರದ ಬಸ್ಸು ಹತ್ತಿದೆ. ಅಲ್ಲೊಬ್ಬರು, ನಾನು ಸೇರುವ ಮೊದಲೇ ನಮ್ಮ ಕಾಲೇಜು ಬಿಟ್ಟ ಮೇಷ್ಟ್ರು, ಕಿರಾಣಿ ಅಂಗಡಿಯಲ್ಲಿದ್ದಾರೆ, ವಾಲ್ವಿನ ವಿಷಯ ತಿಳಿದವರು ಎಂದು ಯಾರೋ ಹೇಳಿದ್ದರು.

ಅಂಗಡಿಯ ಮುಂದೆ ನಿಂತೇ ನನ್ನ ಅಹವಾಲು ಮಂಡಿಸಿದೆ. ಪೂರ್ವಪಕ್ಷ, ಉತ್ತರಪಕ್ಷ, ಉಪಸಂಹಾರ ಎಲ್ಲ ಇತ್ತು. ಅವರು ಕೊತ್ತಂಬರಿ ಬೀಜ ತೂಗುತ್ತಾ ಪೂರ್ತಿ ಕೇಳಿದರು.

"ಚಲೋ ಮಾತಾಡ್ತೀಯಪ್ಪ. ಗೆರೆ ಯಾಕೆ ಮಲಗ್ತು?"

"ವಾಲ್ವು ಕೆಟ್ಟಿದೆ."

"ಅದನ್ನ ಪರೀಕ್ಷಕರ ಮುಂದೆ ಹೆಂಗೆ ತೋರಿಸ್ತಿ?"

ನಾನು ಮತ್ತೆ ಪೂರ್ವಪಕ್ಷದಿಂದ ಶುರು ಮಾಡಿದೆ. ಅವರು ತಕ್ಕಡಿ ಇಳಿಸಿದರು.

"ನೀ ಬರೆದಿದ್ದು ಖರೆ ಇರಬೌದು. ಆದ್ರೆ ಯಾಕೆ ಖರೆ ಅಂತ ನಿನಗೆ ಗೊತ್ತಿದ್ದಿಲ್ಲ. ಅಲ್ಲೀಮಟ ಅದು ಬರೇ ಹಠ. ಬೆಳಿಗ್ಗೆ ಬಸ್ಸಿಗೆ ಬಾ, ಸಂಜೆ ಬಸ್ಸಿಗೆ ಹೋಗು. ಅಪ್ಪಗ ಹೇಳಿ ಬಾ ಮತ್ತ."

ಅಪ್ಪ ಒಪ್ಪಲಿಲ್ಲ. ಆಗ ಅವರೇ ಸೊರಬಕ್ಕೆ ಬಂದರು. ಹತ್ತಿಯಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿಟ್ಟ ವಾಲ್ವೊಂದನ್ನು ತಂದಿದ್ದರು. ಅಪ್ಪನ ಎದುರು ಜಗುಲಿಯಲ್ಲಿ ಕೂತು, ಎಡಗೈ ಹಿಂದಿಟ್ಟುಕೊಂಡೇ ಕಾಫಿ ಕುಡಿದರು. ಅಪ್ಪ ನೇರವಾಗಿ ಕೇಳಿದ: "ಇವ ಪಾಸಾಗ್ತಾನ ಮೇಷ್ಟ್ರೇ?"

"ಅದು ನಂಗೊತ್ತಿಲ್ರೀ. ಸುಳ್ಳು ಬರೀದಂಗೆ ಪಾಸಾಗಾಕೆ ಏನು ಬೇಕೋ ಅಷ್ಟು ಕಲಿಸ್ತೀನಿ. ನಪಾಸಾದ್ರೆ ನಿಮ್ಮ ಮಂಡಿ ಎಲ್ಲೂ ಓಡಿ ಹೋಗಂಗಿಲ್ಲಲ್ರೀ."

ಅಪ್ಪ ಆ ಗಾಜಿನ ಬುರುಡೆಯನ್ನು ಎತ್ತಿ, ಅಡಿಕೆಯ ಹಾಗೆ ತಿರುಗಿಸಿ ನೋಡಿದ. "ಒಂದೇ ಸಲ. ಈ ಸಲ ಹೋಯ್ತು ಅಂದ್ರೆ ಮುಗೀತು," ಎಂದ.

ಅಂಗಡಿಯ ಮಾಳಿಗೆಯ ಮೇಲೆ ನನ್ನ ಪಾಠ ನಡೆಯಿತು. ಅವರ ಮನೆಯಲ್ಲಿ ಹಳೆಯ ಕಾಲದ ಬ್ಯಾಟರಿ ರೇಡಿಯೋ ಇತ್ತು. ಅದರ ಬ್ಯಾಟರಿಯನ್ನು ಅಕ್ಕಿ ಗಿರಣಿಯ ಡೈನಮೋದಲ್ಲಿ ಚಾರ್ಜು ಮಾಡಿಸಿ ತರುತ್ತಿದ್ದರು. ಅದರೊಳಗಿನ ವಾಲ್ವು ಕಾಲೇಜಿನದ್ದೇ ಜಾತಿಯದು. ನನಗೋಸ್ಕರ ಅದನ್ನು ಕಿತ್ತದ್ದರಿಂದ ಮನೆಯಲ್ಲಿ ರೇಡಿಯೋ ಬಂದ್ ಆಯಿತು. ಅವರ ತಾಯಿ, "ಹಾಡು ಕೇಳಾಕಿದ್ದ ಪೆಟಿಗಿ ಬಾಯಿ ಕಟ್ಟಿ ಕುಂದ್ರಿಸಿಯಲ್ಲೋ, ಸೊರಬದ ಹುಡುಗಾ, ಈಗ ನೀನೇ ಒಂದು ಪದ ಹಾಡು!" ಎಂದು ನನಗೆ ರೊಟ್ಟಿ ಬಡಿಸುತ್ತಿದ್ದರು.

ಮೊದಲ ದಿನ ಕತ್ತಲೆಯ ಮೂಲೆಯಲ್ಲಿ ತಂತಿ ಮಂದವಾಗಿ ಕೆಂಪೇರಿದ್ದನ್ನು ನಾನು ಕಂಡೆ. ಮೂರು ವರ್ಷ ಭೌತಶಾಸ್ತ್ರ ಓದಿದ್ದ ನನಗೆ ಅದನ್ನು ಹತ್ತಿರದಿಂದ ನೋಡಲು ಯಾರೂ ಹೇಳಿರಲಿಲ್ಲ. ಅವರು ಪ್ಲೇಟಿನ ವೋಲ್ಟೇಜು ಮುಟ್ಟದೆ ತಂತಿಯನ್ನು ಇನ್ನಷ್ಟು ಕಾಯಿಸಿದರು. ಮೀಟರಿನ ಮುಳ್ಳು ಹೆಚ್ಚುಕಡಿಮೆ ಅಲ್ಲಾಡಲೇ ಇಲ್ಲ.

"ಯಾಕೆ?"

"ಗೊತ್ತಿಲ್ಲ ಸರ್."

"ಸಂತೆ ದಿನ ನಮ್ಮ ಅಂಗಡಿ ನೋಡೀಯಿಲ್ಲ? ಮಂದಿ ಮುಕುರಿಕೊಂಡು ನಿಂತಿರ್ತಾರೆ. ಇನ್ನೂ ನಾಕು ಮಂದಿ ಬಂದ್ರೆ ಯಾಪಾರ ಹೆಚ್ಚಾಕ್ಕೈತೇನು? ತೂಗೋ ಕೈ ಒಂದೇ! ಅದೇ ಮಟಮಟ ಮಧ್ಯಾಹ್ನ, ಅಂಗಡಿ ಬಣಬಣ. ಆಗ ನಾಕು ಮಂದಿ ಬಂದ್ರೆ?"

"ವ್ಯಾಪಾರ ಏರುತ್ತೆ."

"ಚಲೋ ವಾಲ್ವು ಅಂದ್ರೆ ಸಂತೆ ದಿನ. ತಂತಿ ಸುತ್ತ ಎಲೆಕ್ಟ್ರಾನು ಮುಕುರಿರ್ತಾವು. ನಿಮ್ಮ ಕಾಲೇಜಿಂದು ಬಣಬಣ ಮಧ್ಯಾಹ್ನ. ಮುದಿ ತಂತಿ, ಎಷ್ಟು ಉಗುಳ್ತೈತೋ ಅಷ್ಟನ್ನೂ ಪ್ಲೇಟು ನುಂಗ್ತೈತಿ. ಅದಕ್ಕೆ ಗೆರೆ ಮಲಗೋದು. ಅಲ್ಲಿ ತಂತಿ ಸ್ವಲ್ಪ ಕಾಯಿಸಿ ನೋಡು, ಮುಳ್ಳು ಜಿಗೀತೈತಿ. ಜಿಗೀತಂದ್ರೆ ವಾಲ್ವಿನ ಆಯುಷ್ಯ ಮುಗೀತು ಅಂತ ಅದೇ ಸಾಕ್ಷಿ ಹೇಳ್ದಂಗೆ."

ಇಷ್ಟು ಸರಳವಾದದ್ದನ್ನು ಇವರು ಕಾಲೇಜಿನಲ್ಲಿ ಯಾಕೆ ಹೇಳಲಿಲ್ಲ? ಕೇಳಿಯೇಬಿಟ್ಟೆ. ಹೇಳಿದ್ದರಂತೆ. ಹೊಸ ವಾಲ್ವು ತರಿಸಿ ಎಂದು ಮುಖ್ಯಸ್ಥರ ಮುಂದೆ ಇದೇ ಪರೀಕ್ಷೆ ಮಾಡಿ ತೋರಿಸಿದ್ದರಂತೆ. ಮುಖ್ಯಸ್ಥರು ಮುಳ್ಳು ಜಿಗಿದದ್ದನ್ನು ನೋಡಿದರು, ಬಾಗಿಲು ಮುಂದೆ ಮಾಡಿದರು, ಆಮೇಲೆ ಕೇಳಿದರಂತೆ: "ಇದು ಸತ್ತಿದೆ ಅಂತ ಒಪ್ಪಿದರೆ, ಇಷ್ಟು ವರ್ಷ ಪಾಸಾದವರೆಲ್ಲ ಏನು ನೋಡಿ ಬರೆದರು ಅಂತ ಯಾರಾದರೂ ಕೇಳುವುದಿಲ್ಲವೇನ್ರೀ?"

ಆ ವರ್ಷ ಮೇಷ್ಟ್ರು ತಮ್ಮ ಬ್ಯಾಚಿನ ಮಾಮೂಲಿ ರೀಡಿಂಗುಗಳಿಗೆಲ್ಲ ಸೊನ್ನೆ ಹಾಕಿದರು. ಹುಡುಗರ ತಂದೆಯರು ಬಂದರು, ಆಡಳಿತ ಮಂಡಳಿಯವರು ಬಂದರು. ಹೊಂದಿಕೊಂಡು ಹೋಗುವ ಗುಣವಿಲ್ಲ ಎಂದು ಅವರಿಂದ ರಾಜೀನಾಮೆ ಬರೆಸಿಕೊಂಡರು. ಸತ್ತ ವಾಲ್ವಿಗೆ ನೌಕರಿ ಉಳಿಯಿತು, ಬದುಕಿದ್ದವರಿಗೆ ಹೋಯಿತು. ಸಭಿಕರೇ, ಇದಕ್ಕೆ ಪ್ರತಿವಾದವಿದ್ದರೆ ಎದ್ದು ನಿಲ್ಲಿ!

ಇದನ್ನು ಅವರು ಹೇಳಿದ್ದು ಯಾವ ಕಹಿಯೂ ಇಲ್ಲದೆ, ಬೇರೆ ಯಾರದೋ ಸುದ್ದಿ ಎಂಬಂತೆ. ನನಗೆ ಅವರ ಮೇಲೆಯೇ ಸಿಟ್ಟು ಬಂತು. "ನೀವು ಸುಮ್ಮನೆ ಬಂದದ್ದು ತಪ್ಪು ಸರ್," ಎಂದೆ.

"ಸುಮ್ಮನೆ ಎಲ್ಲಿ ಬಂದೆ? ಸೊನ್ನೆ ಹಾಕಿ ಬಂದೀನಿ," ಎಂದು ನಕ್ಕರು.

ಸೆಪ್ಟೆಂಬರಿನಲ್ಲಿ ಪರೀಕ್ಷೆಗೆ ಹೊರಟಾಗ ತಮ್ಮ ವಾಲ್ವನ್ನೂ ಡಬ್ಬಿಯಲ್ಲಿಟ್ಟು ಕೊಟ್ಟರು. "ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸು. ಬಿಡಲಿಲ್ಲಂದ್ರೆ ಜಗಳ ಮಾಡಬ್ಯಾಡ, ತಂತಿ ಕಾಯಿಸು. ಮತ್ತ, ಎಡಗೈ?"

"ಹಿಂದೆ ಸರ್."

ಚೀಟಿ ಎತ್ತಿದಾಗ ನನಗೆ ಬಂದದ್ದು ಅದೇ ಟ್ರಯೋಡ್. ಡಬ್ಬಿ ತೆರೆಯುವ ಮೊದಲೇ ಮುಖ್ಯಸ್ಥರು, "ಹೊರಗಿನ ಸಾಮಾನು ಒಳಗೆ ಬರಕೂಡದು," ಎಂದು ಕಿತ್ತು ಮೇಜಿನ ಖಾನೆಯಲ್ಲಿಟ್ಟರು. ಬೆಂಚಿನ ಆಚೆ ಕೂತಿದ್ದವನು ಮಾಮೂಲಿಯ ಮೊದಲ ಸಂಖ್ಯೆಯನ್ನು ಪಿಸುಗುಟ್ಟಿದ. ಪಾಪ, ಉಪಕಾರ ಮಾಡಲೆಂದೇ. ಅದನ್ನು ಬರೆದರೆ ನಾನು ಪದವೀಧರ, ಬರೆಯದಿದ್ದರೆ ಬಹುಶಃ ಮಂಡಿ. ಮುಖ್ಯಸ್ಥರು ನನ್ನ ಕೈಯನ್ನೇ ನೋಡುತ್ತಿದ್ದರು.

ಮೀಟರು ತೋರಿಸಿದ್ದನ್ನೇ ಬರೆದೆ. ಗೆರೆ ಮಲಗಿತು. ಈ ಸಲದ ಪರೀಕ್ಷಕರು ಬೇರೆಯವರು, ವಯಸ್ಸಾದವರು. ಹುಬ್ಬೇರಿಸಿದರು. "ಒಂದು ನಿಮಿಷ ಸರ್," ಎಂದು ಎಡಗೈ ಬೆನ್ನ ಹಿಂದೆ ಕಟ್ಟಿ, ಬಲಗೈಯಿಂದ ತಂತಿಯ ಗುಂಡಿಯನ್ನು ತುಸು ತಿರುಗಿಸಿದೆ. ಮುಳ್ಳು ಜಿಗಿಯಿತು. ಪರೀಕ್ಷಕರು ನನ್ನನ್ನು ಸರಿಸಿ ತಾವೇ ತಿರುಗಿಸಿದರು, ಇಳಿಸಿದರು, ಮತ್ತೆ ಏರಿಸಿದರು. ಯಾಕೆಂದು ಕೇಳಿದರು. ಸಂತೆ ದಿನ, ಬಣಬಣ ಮಧ್ಯಾಹ್ನ ಎರಡನ್ನೂ ಹೇಳಿದೆ.

ಅವರು ಮುಖ್ಯಸ್ಥರ ಕಡೆ ತಿರುಗಿದರು. "ಇದು ಯಾವಾಗಿನಿಂದ ಹೀಗಿದೆ?"

"ಈಗ... ಇತ್ತೀಚೆಗೆ ಇರಬೇಕು ಸರ್," ಎಂದರು ನಮ್ಮ ಮುಖ್ಯಸ್ಥರು. ಕಣ್ಣು ಕೂಡ ಮಿಟುಕಿಸಲಿಲ್ಲ.

ನಾನು ಪಾಸಾದೆ. ಹೊಸ ವಾಲ್ವು ಬಂತು. ಮುಖ್ಯಸ್ಥರ ಜಾಗರೂಕತೆಯಿಂದ ದೋಷ ಪತ್ತೆಯಾಯಿತೆಂದು ಪ್ರಾಂಶುಪಾಲರು ವಾರ್ಷಿಕೋತ್ಸವದಲ್ಲಿ ಹೊಗಳಿದರು! ನಾನು ಕುದಿಯುತ್ತಾ ಶಿಕಾರಿಪುರಕ್ಕೆ ಬಂದು, ಡಬ್ಬಿ ಮುಂದಿಟ್ಟು, ಎಲ್ಲವನ್ನೂ ಹೇಳಿದೆ. ಪತ್ರಿಕೆಗೆ ಬರೆಯುತ್ತೇನೆ ಎಂದೆ. ಅವರು ವಾಲ್ವನ್ನು ಹತ್ತಿಯಿಂದ ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು.

"ಹೊಸಾದು ಬೆಳಗ್ತೈತಿಲ್ಲೋ ಅಲ್ಲಿ? ಹುಡುಗರು ಖರೇ ರೀಡಿಂಗ್ ಬರೀತಾರಿಲ್ಲೋ? ಮತ್ತೇನು ಬೇಕು?"

ನ್ಯಾಯ ಬೇಕು, ಎಂದೆ. ಅವರು ವಾಲ್ವನ್ನು ರೇಡಿಯೋಕ್ಕೆ ಸಿಕ್ಕಿಸಿದರು. ತುಸು ಹೊತ್ತಿಗೆ ಹಾಡು ಬಂತು. ಅವರ ತಾಯಿ ಒಳಗಿನಿಂದ, "ಅಯ್, ಬಾಯಿ ಬಂತು!" ಎಂದರು. ಆ ಉತ್ತರವನ್ನು ನಾನು ಅವತ್ತೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಮರುವರ್ಷದ ಬೇಸಿಗೆಯಲ್ಲಿ, ಅಂಗಡಿಯಲ್ಲಿ ನಿಂತಿದ್ದಾಗಲೇ, ಅವರಿಗೆ ಎದೆನೋವು ಬಂತು. ಒಂದು ಕೈ ಹಿಂದಿಟ್ಟು ಅಷ್ಟು ವರ್ಷ ಕರೆಂಟಿನಿಂದ ಕಾಪಾಡಿಕೊಂಡ ಎದೆ ತಾನಾಗಿಯೇ ನಿಂತುಹೋಯಿತು. ನಾನು ಹೋಗುವಷ್ಟರಲ್ಲಿ ವಿಭೂತಿ ಹಚ್ಚಿ ಕೂರಿಸಿದ್ದರು. ಎಡಗೈ ಮುಂದಿತ್ತು. ಅಂಗೈಯ ಮೇಲೆ ಲಿಂಗವಿತ್ತು. ಮುಖ್ಯಸ್ಥರು ಹಾರ ತಂದಿದ್ದರು. "ನಮ್ಮ ವಿಭಾಗಕ್ಕೆ ಪ್ರಾಮಾಣಿಕತೆ ಕಲಿಸಿದವರು," ಎಂದು ನೆರೆದವರ ಮುಂದೆ ಗದ್ಗದರಾದರು.

"ಸರ್, ಆ ವಾಲ್ವು ಯಾವಾಗ ಸತ್ತಿತ್ತು?" ಎಂದು ಕೇಳಿದೆ. ಎಲ್ಲರಿಗೂ ಕೇಳುವಂತೆಯೇ ಕೇಳಿದೆ.

"ಇದು ಸಮಯವಲ್ಲ," ಎಂದರು ಅವರು. ಆ ಪ್ರಶ್ನೆಗೆ ಎಂದಾದರೂ ಸಮಯ ಬಂದಿತ್ತೇ?

ನಾನೀಗ ಬೇರೊಂದು ಊರಿನ ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್. ಮೊದಲ ದಿನ ವಾಲ್ವಿನ ಬೆಂಚಿನ ಹತ್ತಿರ ಒಬ್ಬ ವಿದ್ಯಾರ್ಥಿ, ಆಚೀಚೆ ನೋಡಿ, ಮೆಲ್ಲಗೆ ಕೇಳಿದ: "ಸರ್, ಇಲ್ಲಿ ಮಾಮೂಲಿ ಎಷ್ಟರಿಂದ ಶುರು?"

ನನ್ನ ಎಡಗೈ ಆಗಲೇ ಬೆನ್ನ ಹಿಂದೆ ಹೋಗಿತ್ತು. "ನಿನ್ನದನ್ನೂ ಹಿಂದೆ ಇಟ್ಟುಕೊ," ಎಂದೆ. "ಈಗ ಮೀಟರ್ ನೋಡು."